ಮೆಂತೆ ಪಲ್ಲೆಯೋ, ಸೋಯಾ ಹಾಲೋ? ಬೆಳಗಾವಿ ಮನೆಗಳಿಗೊಂದು ಹೋಲಿಕೆ

ಬೆಳಗಾವಿಯಲ್ಲಿ ಈಗ ಎರಡೂ ಸುಲಭವಾಗಿ ಸಿಗುತ್ತವೆ. ಗಣಪತ್ ಗಲ್ಲಿಯಲ್ಲಿ ಮೆಂತೆ ಕಟ್ಟುಗಳ ರಾಶಿ ಇರುತ್ತದೆ. ದೊಡ್ಡ ಅಂಗಡಿಗಳ ಕಪಾಟಿನಲ್ಲಿ ಸೋಯಾ ಹಾಲು, ಬಾದಾಮಿ ಹಾಲು, ಓಟ್ಸ್ ಹಾಲಿನ ಪ್ಯಾಕುಗಳು ಸಾಲಾಗಿ ನಿಂತಿರುತ್ತವೆ. ಹಾಲು ಕುಡಿದರೆ ಹೊಟ್ಟೆ ಉಬ್ಬರಿಸುವವರು, ವಯಸ್ಸಾದ ಮೇಲೆ ಮೂಳೆಯ ಚಿಂತೆ ಹತ್ತಿದವರು, ಪ್ರಾಣಿಗಳ ಮೇಲಿನ ಕಳಕಳಿಯಿಂದ ಹಾಲು ಬಿಟ್ಟ ಕಾಲೇಜು ಹುಡುಗ ಹುಡುಗಿಯರು ಕೇಳುವುದು ಹೆಚ್ಚುಕಡಿಮೆ ಒಂದೇ ಪ್ರಶ್ನೆ: "ಮೆಂತೆಯಲ್ಲಿ ಹಾಲಿಗಿಂತ ಜಾಸ್ತಿ ಕ್ಯಾಲ್ಸಿಯಂ ಇದೆಯಂತಲ್ಲ, ಮತ್ತೆ ಸೋಯಾ ಹಾಲಿಗೆ ಯಾಕೆ ದುಡ್ಡು ಹಾಕಬೇಕು?"

ಒಳ್ಳೆಯ ಪ್ರಶ್ನೆ. ನನ್ನ ಉತ್ತರ ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ಮನೆಯಲ್ಲಿ ಮೊಸರು, ಮಜ್ಜಿಗೆ ನಡೆಯುತ್ತಿದ್ದರೆ ಸೋಯಾ ಹಾಲಿನ ದುಡ್ಡನ್ನು ಸೊಪ್ಪಿಗೂ ಬೇಳೆಗೂ ಹಾಕಿ. ಹಾಲು, ಮೊಸರು, ತುಪ್ಪ ಎಲ್ಲವನ್ನೂ ಬಿಟ್ಟಿದ್ದರೆ ಮೆಂತೆ ಒಂದರಿಂದಲೇ ಆಗುವುದಿಲ್ಲ. ಆಗ ಕ್ಯಾಲ್ಸಿಯಂ ಸೇರಿಸಿದ ಸೋಯಾ ಹಾಲು ಬೇಕು, ಜೊತೆಗೆ ಮೆಂತೆಯೂ ಬೇಕು. ಯಾಕೆ ಅಂತ ಈಗ ನೋಡೋಣ.

100 ಗ್ರಾಂ ಲೆಕ್ಕದಲ್ಲಿ

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ನಮ್ಮ ದೇಶದ ಆಹಾರಗಳಲ್ಲಿ ಏನೇನು ಎಷ್ಟೆಷ್ಟಿದೆ ಎಂಬ ದೊಡ್ಡ ಪಟ್ಟಿ ಹೊರತಂದಿದೆ. ಅದರಂತೆ 100 ಗ್ರಾಂ ಹಸಿ ಮೆಂತೆ ಎಲೆಯಲ್ಲಿ ಸುಮಾರು 275 ಮಿಲಿಗ್ರಾಂ ಕ್ಯಾಲ್ಸಿಯಂ, ಐದೂವರೆ ಮಿಲಿಗ್ರಾಂಗಿಂತ ತುಸು ಜಾಸ್ತಿ ಕಬ್ಬಿಣ, ಮೂರೂವರೆ ಗ್ರಾಂ ಆಸುಪಾಸು ಪ್ರೋಟೀನ್, 5 ಗ್ರಾಂನಷ್ಟು ನಾರು ಇದೆ. ವಿಟಮಿನ್ ಸಿ 58 ಮಿಲಿಗ್ರಾಂ ಹತ್ತಿರ. ಇಷ್ಟೆಲ್ಲ ಇದ್ದೂ ಶಕ್ತಿ ಬರೀ 35 ಕ್ಯಾಲೊರಿ. ಕಣ್ಣಿಗೆ ಬೇಕಾದ ವಿಟಮಿನ್ ಎ ಆಗಿ ಬದಲಾಗುವ ಬೀಟಾ ಕ್ಯಾರೋಟಿನ್ ಕೂಡ ದಂಡಿಯಾಗಿದೆ.

ಸೋಯಾ ಹಾಲಿಗೆ ಬರೋಣ. ಏನೂ ಸೇರಿಸದ, ಬರೀ ಸೋಯಾ ಕಾಳು ಮತ್ತು ನೀರಿನಿಂದ ಮಾಡಿದ 100 ಮಿಲಿಲೀಟರ್ ಹಾಲಿನಲ್ಲಿ 3ರಿಂದ 3.5 ಗ್ರಾಂ ಪ್ರೋಟೀನ್ ಇರುತ್ತದೆ. ಕ್ಯಾಲ್ಸಿಯಂ ಸುಮಾರು 25 ಮಿಲಿಗ್ರಾಂ ಮಾತ್ರ. ಕಬ್ಬಿಣ ಅರ್ಧ ಮಿಲಿಗ್ರಾಂಗಿಂತ ತುಸು ಜಾಸ್ತಿ. ಕೊಬ್ಬು ಒಂದೂವರೆಯಿಂದ ಎರಡು ಗ್ರಾಂ. ನಾರು ಅತ್ಯಲ್ಪ, ವಿಟಮಿನ್ ಸಿ ಇಲ್ಲವೇ ಇಲ್ಲ.

ಹೋಲಿಕೆಗೆ ಆಕಳ ಹಾಲನ್ನೂ ಇಟ್ಟುಕೊಳ್ಳಿ. 100 ಗ್ರಾಂ ಹಾಲಿನಲ್ಲಿ ಪ್ರೋಟೀನ್ ಮೂರು ಗ್ರಾಂ ಮೇಲೆ, ಕ್ಯಾಲ್ಸಿಯಂ ಸುಮಾರು 120 ಮಿಲಿಗ್ರಾಂ. ಎಮ್ಮೆ ಹಾಲಿನಲ್ಲೂ ಕ್ಯಾಲ್ಸಿಯಂ ಅಷ್ಟೇ, ಕೊಬ್ಬು ಮಾತ್ರ ಜಾಸ್ತಿ.

ಇಷ್ಟು ನೋಡಿದರೆ ಮೆಂತೆ ಗೆದ್ದ ಹಾಗೆ ಕಾಣುತ್ತದೆ. ಮೊಬೈಲಿನಲ್ಲಿ ಓಡಾಡುವ ಮಾಹಿತಿ ನಿಲ್ಲುವುದೂ ಇಲ್ಲೇ. ಆದರೆ ಯಾರು ಒಂದೇ ಊಟಕ್ಕೆ 100 ಗ್ರಾಂ ಮೆಂತೆ ಎಲೆ ತಿನ್ನುತ್ತಾರೆ?

ತಾಟಿಗೆ ಬೀಳುವುದು ಎಷ್ಟು

ರೊಟ್ಟಿ ಜೊತೆ ಹಸಿ ಮೆಂತೆ ಕಡಿಯುತ್ತೇವೆ. ಇಲ್ಲವೇ ಸಣ್ಣಗೆ ಹೆಚ್ಚಿ ಉಳ್ಳಾಗಡ್ಡಿ, ಶೇಂಗಾ ಪುಡಿ, ಉಪ್ಪು, ಒಂದು ಚಮಚ ಎಣ್ಣೆ ಹಾಕಿ ಪಚ್ಚಡಿ ಮಾಡುತ್ತೇವೆ. ಹೀಗೆ ತಿಂದಾಗ ಹೊಟ್ಟೆಗೆ ಹೋಗುವುದು ಒಂದು ಹಿಡಿ, ಅಂದರೆ 20ರಿಂದ 25 ಗ್ರಾಂ. ಪಲ್ಲೆ ಮಾಡಿದರೆ ಒಬ್ಬರ ಪಾಲಿಗೆ 50 ಗ್ರಾಂ ಎಲೆ ಬಂದರೆ ದೊಡ್ಡದು. ಬೇರು, ದಪ್ಪ ದಂಟು ತೆಗೆದರೆ ಕಟ್ಟಿನ ತೂಕದಲ್ಲಿ ಎಲೆ ಉಳಿಯುವುದು ಅರ್ಧದಷ್ಟು. ಒಂದು ಕಟ್ಟು ತಂದು ನಾಲ್ಕು ಮಂದಿ ಹಂಚಿಕೊಂಡರೆ ಒಬ್ಬರಿಗೆ ಎಷ್ಟು ಬಂತು ಅಂತ ನೀವೇ ಲೆಕ್ಕ ಹಾಕಿ.

ಸೋಯಾ ಹಾಲು ಹಾಗಲ್ಲ. ಕುಡಿಯುವವರು ಒಂದು ಲೋಟ, 200 ಮಿಲಿಲೀಟರ್, ಆರಾಮಾಗಿ ಕುಡಿಯುತ್ತಾರೆ.

ಈಗ ಲೆಕ್ಕ ಬೇರೆಯಾಗುತ್ತದೆ. 50 ಗ್ರಾಂ ಮೆಂತೆ ಎಲೆಯಿಂದ ಸುಮಾರು 137 ಮಿಲಿಗ್ರಾಂ ಕ್ಯಾಲ್ಸಿಯಂ, 2.8 ಮಿಲಿಗ್ರಾಂ ಕಬ್ಬಿಣ, ಎರಡು ಗ್ರಾಂಗಿಂತ ಕಡಿಮೆ ಪ್ರೋಟೀನ್. ಒಂದು ಲೋಟ ಮನೆಯ ಸೋಯಾ ಹಾಲಿನಿಂದ ಆರೂವರೆ ಗ್ರಾಂ ಹತ್ತಿರ ಪ್ರೋಟೀನ್, 50 ಮಿಲಿಗ್ರಾಂ ಕ್ಯಾಲ್ಸಿಯಂ, ಒಂದು ಮಿಲಿಗ್ರಾಂ ಆಸುಪಾಸು ಕಬ್ಬಿಣ. ಕ್ಯಾಲ್ಸಿಯಂ ಸೇರಿಸಿದ ಪ್ಯಾಕಿನ ಸೋಯಾ ಹಾಲಾದರೆ ಲೋಟಕ್ಕೆ 240 ಮಿಲಿಗ್ರಾಂವರೆಗೆ ಸಿಗಬಹುದು, ಆಕಳ ಹಾಲಿನ ಸಮ.

ಅಂದರೆ ಇವೆರಡೂ ಒಂದೇ ಕೆಲಸಕ್ಕೆ ಪೈಪೋಟಿ ಮಾಡುವ ಪದಾರ್ಥಗಳಲ್ಲ. ಪ್ರೋಟೀನ್ ಬೇಕಾದವರಿಗೆ ಸೋಯಾ. ಕಬ್ಬಿಣ, ನಾರು, ವಿಟಮಿನ್ ಬೇಕಾದವರಿಗೆ ಮೆಂತೆ. ಕ್ಯಾಲ್ಸಿಯಂ ವಿಷಯ ಮಾತ್ರ ಸ್ವಲ್ಪ ಬಿಡಿಸಿ ನೋಡಬೇಕು.

ಕ್ಯಾಲ್ಸಿಯಂ: ಇರುವುದೆಷ್ಟು, ಮೈಗೆ ಹತ್ತುವುದೆಷ್ಟು

ಸೊಪ್ಪಿನಲ್ಲಿರುವ ಕ್ಯಾಲ್ಸಿಯಂ ಎಲ್ಲವೂ ಮೈಗೆ ಹತ್ತುವುದಿಲ್ಲ. ಕೆಲವು ಸೊಪ್ಪುಗಳಲ್ಲಿ ಆಕ್ಸಲೇಟ್ ಎಂಬ ಅಂಶ ಇರುತ್ತದೆ. ಅದು ಕ್ಯಾಲ್ಸಿಯಂ ಅನ್ನು ಹಿಡಿದುಕೊಂಡು ಹಾಗೇ ಹೊರಗೆ ಕರೆದೊಯ್ಯುತ್ತದೆ. ಇದಕ್ಕೆ ಹೆಸರಾದದ್ದು ಪಾಲಕ್. ಹಾಲಿನ ಕ್ಯಾಲ್ಸಿಯಂ ನೂರಕ್ಕೆ 30ರಷ್ಟು ಮೈಗೆ ಸೇರಿದರೆ ಪಾಲಕಿನದು ನೂರಕ್ಕೆ 5ರಷ್ಟು ಮಾತ್ರ ಸೇರುತ್ತದೆ. ನಮ್ಮ ರಾಜಗಿರಿ ಪಲ್ಲೆಯಲ್ಲೂ ಆಕ್ಸಲೇಟ್ ಜಾಸ್ತಿ. ಪಟ್ಟಿಯಲ್ಲಿ ಅದರ ಕ್ಯಾಲ್ಸಿಯಂ ಮೆಂತೆಗಿಂತಲೂ ಮೇಲಿದೆ, ಆದರೆ ಆ ಅಂಕಿಯನ್ನು ಪೂರ್ತಿ ನಂಬಿ ಕೂರುವಂತಿಲ್ಲ.

ಮೆಂತೆಯ ಒಳ್ಳೆಯ ಗುಣ ಇಲ್ಲಿದೆ. ಪಾಲಕ್, ರಾಜಗಿರಿಗೆ ಹೋಲಿಸಿದರೆ ಮೆಂತೆಯಲ್ಲಿ ಆಕ್ಸಲೇಟ್ ತುಂಬಾ ಕಡಿಮೆ. ಕಡಿಮೆ ಆಕ್ಸಲೇಟ್ ಇರುವ ಸೊಪ್ಪುಗಳ ಕ್ಯಾಲ್ಸಿಯಂ ಹಾಲಿನದರಷ್ಟೇ ಚೆನ್ನಾಗಿ ಮೈಗೆ ಸೇರುತ್ತದೆ. ಹಾಗಾಗಿ ಕ್ಯಾಲ್ಸಿಯಂಗಾಗಿಯೇ ಸೊಪ್ಪು ಆರಿಸುವುದಾದರೆ ಪಾಲಕ್ ಬಿಟ್ಟು ಮೆಂತೆ ಅಥವಾ ನುಗ್ಗೆ ಸೊಪ್ಪು ತನ್ನಿ. ನುಗ್ಗೆ ಸೊಪ್ಪಿನಲ್ಲಿ ಕ್ಯಾಲ್ಸಿಯಂ 300 ಮಿಲಿಗ್ರಾಂ ದಾಟುತ್ತದೆ, ಪ್ರೋಟೀನ್ ಕೂಡ ಆರು ಗ್ರಾಂ ಮೇಲಿದೆ. ಊರಲ್ಲಿ ಹಿತ್ತಿಲಿನ ನುಗ್ಗೆ ಗಿಡದ ಕಾಯಿ ಕಿತ್ತು ಸೊಪ್ಪು ದನಕ್ಕೆ ಹಾಕುವವರನ್ನು ಕಂಡರೆ ನನಗೆ ನಿಜವಾಗಿಯೂ ಸಂಕಟವಾಗುತ್ತದೆ.

ಆದರೂ ದೊಡ್ಡವರಿಗೆ ದಿನಕ್ಕೆ 1000 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು ಅನ್ನುತ್ತದೆ ಅದೇ ಪೋಷಣಾ ಸಂಸ್ಥೆಯ 2020ರ ಶಿಫಾರಸು. 50 ಗ್ರಾಂ ಮೆಂತೆ ಅದರ ಏಳನೇ ಒಂದು ಪಾಲೂ ಆಗುವುದಿಲ್ಲ. ಜೋಳದ ರೊಟ್ಟಿಯಲ್ಲಿ ಕ್ಯಾಲ್ಸಿಯಂ ಹೆಸರಿಗಷ್ಟೇ. ನಮ್ಮ ಭಾಗದ ಊಟದಲ್ಲಿ ಈ ಕೊರತೆ ತುಂಬುತ್ತಿದ್ದದ್ದು ಕೆನೆಮೊಸರು ಮತ್ತು ಮಜ್ಜಿಗೆ. ಅವನ್ನು ತೆಗೆದರೆ ತಾಟಿನಲ್ಲಿ ಒಂದು ಖಾಲಿ ಜಾಗ ಬೀಳುತ್ತದೆ. ಆ ಜಾಗವನ್ನು ಮೆಂತೆ ಅಷ್ಟಿಷ್ಟು ತುಂಬುತ್ತದೆ, ಪೂರ್ತಿ ತುಂಬುವುದಿಲ್ಲ. ಎಳ್ಳು ಸಹಾಯಕ್ಕೆ ಬರುತ್ತದೆ. ಸಿಪ್ಪೆ ತೆಗೆಯದ ಎಳ್ಳಿನಲ್ಲಿ 100 ಗ್ರಾಂಗೆ ಸಾವಿರ ಮಿಲಿಗ್ರಾಂ ಮೇಲೆ ಕ್ಯಾಲ್ಸಿಯಂ ಇದೆ. ಸಿಪ್ಪೆಯಲ್ಲೇ ಆಕ್ಸಲೇಟ್ ಕೂಡ ಇರುವುದರಿಂದ ಪೂರ್ತಿ ಹತ್ತುವುದಿಲ್ಲ, ಆದರೂ ಬಿಡುವಂಥದ್ದಲ್ಲ. ಸಂಕ್ರಾಂತಿಗೆ ಮಾತ್ರ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಮಾಡುವ ಬದಲು ವಾರಕ್ಕೆರಡು ಸಲ ಮಾಡಿ.

ಎಲ್ಲ ಸೇರಿಸಿಯೂ ಹಾಲು ಬಿಟ್ಟವರಿಗೆ ಸಾಕಾಗುವುದು ಕಷ್ಟ. ಅದಕ್ಕೇ ಕ್ಯಾಲ್ಸಿಯಂ ಸೇರಿಸಿದ ಸೋಯಾ ಹಾಲನ್ನು ನಾನು ಅವರಿಗೆ ಹೇಳುವುದು. ಸೇರಿಸಿದ್ದು ಅಂದರೆ ಕೃತಕ ಎಂದು ಮೂಗು ಮುರಿಯಬೇಡಿ. ಸೇರಿಸಿದ ಕ್ಯಾಲ್ಸಿಯಂ ಮೈಗೆ ಚೆನ್ನಾಗಿಯೇ ಹತ್ತುತ್ತದೆ. ಒಂದೇ ಎಚ್ಚರಿಕೆ: ಅದು ಪ್ಯಾಕಿನ ತಳಕ್ಕೆ ಇಳಿದು ಕೂರುತ್ತದೆ. ಪ್ರತಿ ಸಲ ಚೆನ್ನಾಗಿ ಅಲ್ಲಾಡಿಸಿ ಸುರಿದುಕೊಳ್ಳಿ, ಇಲ್ಲದಿದ್ದರೆ ಕಾಸು ಕೊಟ್ಟ ಕ್ಯಾಲ್ಸಿಯಂ ಪ್ಯಾಕಿನೊಳಗೇ ಉಳಿಯುತ್ತದೆ.

ಪ್ರೋಟೀನ್: ಇಲ್ಲಿ ಬೇಳೆಯನ್ನೂ ಕರೆಯಬೇಕು

ಸೋಯಾ ಹಾಲಿನ ಪ್ರೋಟೀನ್ ಉತ್ತಮ ಗುಣಮಟ್ಟದ್ದು, ಹಾಲಿನ ಪ್ರೋಟೀನ್‌ಗೆ ಹತ್ತಿರ. ಜೋಳದ ಪ್ರೋಟೀನ್‌ನಲ್ಲಿ ಲೈಸಿನ್ ಎಂಬ ಅಂಶ ಕಡಿಮೆ, ಸೋಯಾದಲ್ಲಿ ಅದು ಚೆನ್ನಾಗಿದೆ. ಹಾಗಾಗಿ ಜೋಳ ತಿನ್ನುವ ನಮಗೆ ಸೋಯಾ ಒಳ್ಳೆಯ ಜೊತೆ.

ಆದರೆ ಇದೇ ಕೆಲಸವನ್ನು ತೊಗರಿ ಬೇಳೆಯೂ ಮಾಡುತ್ತದೆ. 100 ಗ್ರಾಂ ತೊಗರಿ ಬೇಳೆಯಲ್ಲಿ 21ರಿಂದ 22 ಗ್ರಾಂ ಪ್ರೋಟೀನ್ ಇದೆ. ಅಂದರೆ 30 ಗ್ರಾಂ ಬೇಳೆಯಿಂದ ಆರೂವರೆ ಗ್ರಾಂ, ಸರಿಯಾಗಿ ಒಂದು ಲೋಟ ಸೋಯಾ ಹಾಲಿನಷ್ಟು. 30 ಗ್ರಾಂ ಅಂದರೆ ಒಂದು ಸಣ್ಣ ಹಿಡಿ. ಮೆಂತೆ ಹಾಕಿದ ಗಟ್ಟಿ ಬ್ಯಾಳಿಯ ಒಂದು ಬಟ್ಟಲಿನಲ್ಲಿ ಇಷ್ಟು ಇದ್ದೇ ಇರುತ್ತದೆ. ನೆನೆಸಿದ ಬೇಳೆಯನ್ನು ತರಿತರಿಯಾಗಿ ರುಬ್ಬಿ ಮೆಂತೆ ಸೇರಿಸಿ ಮಾಡುವ ಹಿಂಡಿ ಪಲ್ಲೆಯಲ್ಲಿ ಇನ್ನೂ ಜಾಸ್ತಿ. ಸೋಯಾ ಹಾಲು ಪ್ರೋಟೀನ್‌ಗೆ ಬೇಕು ಎಂದು ಅಂದುಕೊಂಡಿದ್ದರೆ ಮೊದಲು ನಿಮ್ಮ ಮನೆಯ ಬ್ಯಾಳಿ ಎಷ್ಟು ತೆಳ್ಳಗಿದೆ ಅಂತ ನೋಡಿ. ತಿಳಿ ಸಾರಿನಲ್ಲಿ ಬೇಳೆ ಹುಡುಕಬೇಕಾದ ಸ್ಥಿತಿ ಇದ್ದರೆ ಅಲ್ಲಿ ಸರಿಪಡಿಸುವುದು ಸುಲಭ, ಅಗ್ಗ ಕೂಡ.

ಸೋಯಾ ಹಾಲು ನಿಜವಾಗಿ ಉಪಯೋಗಕ್ಕೆ ಬರುವುದು ಅಗಿಯಲಾಗದವರಿಗೆ. ಹಲ್ಲು ಹೋದ ಹಿರಿಯರು, ಕಾಯಿಲೆಯಿಂದ ಏಳುತ್ತಿರುವವರು, ಊಟ ಸೇರದವರು. ಅವರಿಗೆ ಗಟ್ಟಿ ರೊಟ್ಟಿ, ಮೆಂತೆ ಪಚ್ಚಡಿ ಕೊಟ್ಟು ಫಲವಿಲ್ಲ. ಕುಡಿಯುವ ರೂಪದಲ್ಲಿ ಪ್ರೋಟೀನ್ ಸಿಗುವುದು ದೊಡ್ಡ ಅನುಕೂಲ.

ಕಬ್ಬಿಣ: ಹೆಣ್ಣುಮಕ್ಕಳ ಮನೆಯಲ್ಲಿ ಇದೇ ಮುಖ್ಯ

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದಲ್ಲಿ 15ರಿಂದ 49 ವರ್ಷದ ಹೆಣ್ಣುಮಕ್ಕಳಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ ಇದೆ. ಕರ್ನಾಟಕದಲ್ಲಿ ನೂರಕ್ಕೆ ಸುಮಾರು 48. ಅಂದರೆ ಹೆಚ್ಚುಕಡಿಮೆ ಇಬ್ಬರಲ್ಲಿ ಒಬ್ಬರು. ಮೆಟ್ಟಿಲು ಹತ್ತಿದರೆ ಏದುಸಿರು, ಮಧ್ಯಾಹ್ನಕ್ಕೆ ಸುಸ್ತು, ಇದನ್ನೆಲ್ಲ "ಹೆಣ್ಣುಮಕ್ಕಳಿಗೆ ಇದ್ದದ್ದೇ" ಎಂದು ತಳ್ಳಿಹಾಕುತ್ತೇವೆ ಅಲ್ವಾ? ತಳ್ಳಿಹಾಕಬಾರದು.

ಹೆಣ್ಣುಮಕ್ಕಳಿಗೆ ದಿನಕ್ಕೆ 29 ಮಿಲಿಗ್ರಾಂ ಕಬ್ಬಿಣ ಬೇಕು, ಗಂಡಸರಿಗೆ 19. ಇಲ್ಲಿ ಮೆಂತೆಗೂ ಸೋಯಾ ಹಾಲಿಗೂ ಹೋಲಿಕೆಯೇ ಇಲ್ಲ, ಮೆಂತೆಯೇ ಮುಂದೆ. ಜೊತೆಗೆ ಮೆಂತೆಯಲ್ಲಿ ಫೋಲೇಟ್ ಎಂಬ ವಿಟಮಿನ್ ಇದೆ. ರಕ್ತಕ್ಕೂ ಬೇಕು, ಗರ್ಭಿಣಿಯರಿಗಂತೂ ಬೇಕೇ ಬೇಕು.

ಆದರೆ ಸೊಪ್ಪಿನ ಕಬ್ಬಿಣ ಮೈಗೆ ಸುಲಭವಾಗಿ ಹತ್ತುವುದಿಲ್ಲ. ಹತ್ತಿಸಿಕೊಳ್ಳಲು ಮೂರು ಕೆಲಸ ಮಾಡಬೇಕು.

ಮೊದಲನೆಯದು ಹುಳಿ. ವಿಟಮಿನ್ ಸಿ ಇದ್ದರೆ ಕಬ್ಬಿಣ ಚೆನ್ನಾಗಿ ಸೇರುತ್ತದೆ. ಮೆಂತೆಯಲ್ಲೇ ವಿಟಮಿನ್ ಸಿ ಇದೆ, ಆದರೆ ಬೇಯಿಸಿದಾಗ ಬಹಳಷ್ಟು ಹೋಗಿಬಿಡುತ್ತದೆ. ಹಸಿ ಪಚ್ಚಡಿಗೆ ಅದಕ್ಕೇ ನನ್ನ ಮೊದಲ ಮತ. ಬೇಯಿಸಿದ ಪಲ್ಲೆಯಾದರೆ ಒಲೆಯಿಂದ ಇಳಿಸಿದ ಮೇಲೆ ನಿಂಬೆಹಣ್ಣು ಹಿಂಡಿ. ಪೇರಲ ಹಣ್ಣಿನ ದಿನಗಳಲ್ಲಿ ಊಟದ ಜೊತೆಗೇ ಒಂದು ತಿಂದರೆ ಇನ್ನೂ ಒಳ್ಳೆಯದು.

ಎರಡನೆಯದು ಚಹಾ. ಊಟ ಮುಗಿದ ಕೂಡಲೇ ಚಹಾ ಕುಡಿಯುವ ರೂಢಿ ಕಬ್ಬಿಣಕ್ಕೆ ದೊಡ್ಡ ಶತ್ರು. ಚಹಾದ ಒಗರು ಕಬ್ಬಿಣವನ್ನು ಕಟ್ಟಿಹಾಕುತ್ತದೆ. ಒಂದು ತಾಸಾದರೂ ಬಿಟ್ಟು ಕುಡಿಯಿರಿ.

ಮೂರನೆಯದನ್ನು ಹೆಚ್ಚಿನವರು ಯೋಚಿಸಿರುವುದಿಲ್ಲ. ಸೋಯಾ ಹಾಲನ್ನು ಮೆಂತೆಯ ಊಟದ ಜೊತೆ ಕುಡಿಯಬೇಡಿ. ಸೋಯಾದಲ್ಲಿರುವ ಫೈಟೇಟ್ ಎಂಬ ಅಂಶ ಕಬ್ಬಿಣವನ್ನು ಹಿಡಿದಿಡುತ್ತದೆ. ಪ್ಯಾಕಿನದಾದರೆ ಅದಕ್ಕೆ ಸೇರಿಸಿದ ಕ್ಯಾಲ್ಸಿಯಂ ಕೂಡ ಅಡ್ಡ ಬರುತ್ತದೆ. ಎರಡೂ ಒಳ್ಳೆಯವೇ, ಆದರೆ ಒಂದೇ ಹೊತ್ತಿಗೆ ಬೇಡ. ಮಧ್ಯಾಹ್ನ ಮೆಂತೆ, ಸಂಜೆ ಅಥವಾ ರಾತ್ರಿ ಮಲಗುವ ಮುಂಚೆ ಸೋಯಾ ಹಾಲು. ಇಷ್ಟು ಮಾಡಿದರೆ ಸಾಕು.

ಇನ್ನೊಂದು ಮಾತು. ಅಲ್ಯೂಮಿನಿಯಂ ಪಾತ್ರೆ ಬಿಟ್ಟು ಕಬ್ಬಿಣದ ಕಡಾಯಿಯಲ್ಲಿ ಪಲ್ಲೆ ಮಾಡಿದರೆ ಪಾತ್ರೆಯಿಂದಲೂ ಸ್ವಲ್ಪ ಕಬ್ಬಿಣ ಸೇರುತ್ತದೆ. ರಕ್ತಹೀನತೆ ಜಾಸ್ತಿ ಇದ್ದರೆ ಮಾತ್ರ ಸೊಪ್ಪನ್ನೇ ನಂಬಿ ಕೂರದೆ ಡಾಕ್ಟರು ಕೊಟ್ಟ ಮಾತ್ರೆ ತೆಗೆದುಕೊಳ್ಳಿ.

ಪ್ಯಾಕ್ ತಿರುಗಿಸಿ ನೋಡುವುದು

ಅಂಗಡಿಯಲ್ಲಿ "ಸೋಯಾ ಮಿಲ್ಕ್" ಎಂಬ ಹೆಸರು ಹುಡುಕಿದರೆ ಸಿಗದಿರಬಹುದು. ಪ್ರಾಣಿಗಳ ಹಾಲಲ್ಲದ್ದಕ್ಕೆ ಹಾಲಿನ ಹೆಸರು ಬಳಸಬಾರದೆಂದು ಆಹಾರ ಸುರಕ್ಷತಾ ಪ್ರಾಧಿಕಾರ 2021ರಲ್ಲಿ ಕಟ್ಟುನಿಟ್ಟು ಮಾಡಿದೆ. ಹಾಗಾಗಿ ಸೋಯಾ ಡ್ರಿಂಕ್, ಸೋಯಾ ಬೆವರೇಜ್ ಎಂದು ಬರೆದಿರುತ್ತಾರೆ.

ಹಿಂಬದಿಯ ಪಟ್ಟಿಯಲ್ಲಿ ಮೊದಲು ಪ್ರೋಟೀನ್ ನೋಡಿ. 100 ಮಿಲಿಲೀಟರ್‌ಗೆ 3 ಗ್ರಾಂ ಆಸುಪಾಸು ಇರಬೇಕು. ಆಮೇಲೆ ಕ್ಯಾಲ್ಸಿಯಂ. 100ರಿಂದ 120 ಮಿಲಿಗ್ರಾಂ ಇದ್ದರೆ ಸೇರಿಸಿದ್ದಾರೆ ಎಂದು ಅರ್ಥ, 20-30 ಇದ್ದರೆ ಸೇರಿಸಿಲ್ಲ. ಆಮೇಲೆ ಸಕ್ಕರೆ. ಚಾಕೊಲೇಟ್, ಕೇಸರಿ, ಮಾವು ಎಂಬ ಸ್ವಾದದ ಪ್ಯಾಕುಗಳಲ್ಲಿ ಒಂದು ಲೋಟಕ್ಕೆ ಎರಡು ಮೂರು ಚಮಚ ಸಕ್ಕರೆ ಸೇರಿರುವುದು ಸಾಮಾನ್ಯ. ಮಕ್ಕಳು ಇಷ್ಟಪಡುವುದೂ ಅದನ್ನೇ. ಸಕ್ಕರೆ ಸೇರಿಸದ್ದನ್ನೇ ತನ್ನಿ. ಕೊನೆಗೆ ವಿಟಮಿನ್ ಬಿ12 ಮತ್ತು ಡಿ ಇವೆಯಾ ನೋಡಿ.

ಬಿ12 ವಿಷಯವನ್ನು ಒತ್ತಿ ಹೇಳಬೇಕು. ಮೆಂತೆಯಲ್ಲಿ ಬಿ12 ಇಲ್ಲ. ಸೋಯಾದಲ್ಲೂ ಇಲ್ಲ. ಸಸ್ಯಾಹಾರಿ ಮನೆಯಲ್ಲಿ ಅದು ಬರುವುದು ಹಾಲು, ಮೊಸರಿನಿಂದ. ಅವನ್ನು ಬಿಟ್ಟ ಮೇಲೆ ಬಿ12 ಸೇರಿಸಿದ ಆಹಾರ ಅಥವಾ ಮಾತ್ರೆ ಬಿಟ್ಟರೆ ದಾರಿ ಇಲ್ಲ. ಕೊರತೆ ನಿಧಾನವಾಗಿ ಬರುತ್ತದೆ. ಕೈಕಾಲು ಜೋಮು, ಮರೆವು, ಸುಸ್ತು ಕಾಣಿಸಿಕೊಳ್ಳುವ ಹೊತ್ತಿಗೆ ನರಗಳಿಗೆ ಪೆಟ್ಟು ಬಿದ್ದಿರಬಹುದು. ಹಾಲು ಬಿಟ್ಟ ಮಕ್ಕಳಿಗೆ ಬೈಯುವ ಬದಲು ಈ ಒಂದು ವಿಷಯ ತಿಳಿಸಿ ಹೇಳಿ, ರಕ್ತ ಪರೀಕ್ಷೆ ಮಾಡಿಸಿ.

ಬಾದಾಮಿ ಹಾಲಿನ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಪ್ಯಾಕಿನ ಬಾದಾಮಿ ಹಾಲಿನಲ್ಲಿ ಬಾದಾಮಿ ಇರುವುದು ನೂರಕ್ಕೆ ಎರಡು ಮೂರು ಪಾಲು, ಉಳಿದದ್ದು ಹೆಚ್ಚಾಗಿ ನೀರು. 100 ಮಿಲಿಲೀಟರ್‌ಗೆ ಪ್ರೋಟೀನ್ ಅರ್ಧ ಗ್ರಾಂ ಆಸುಪಾಸು. ಬೆಲೆ ಮಾತ್ರ ಸೋಯಾಕ್ಕಿಂತ ಜಾಸ್ತಿ. ಪೋಷಣೆಗಾಗಿ ಗಿಡದ ಹಾಲು ಬೇಕಾದರೆ ಸೋಯಾವನ್ನೇ ಆರಿಸಿ. ಬಾದಾಮಿಯ ಗುಣ ಬೇಕಾದರೆ ನಾಲ್ಕು ಬಾದಾಮಿ ನೆನೆಸಿ ತಿನ್ನಿ.

ನಮ್ಮದೇ ಒಂದು ಗಿಡದ ಹಾಲಿದೆ, ಕುಸುಬಿ ಹಾಲು. ವಿಜಯಪುರ, ಬಾಗಲಕೋಟೆ ಕಡೆಯ ಎರೆ ಹೊಲಗಳಲ್ಲಿ ಬೆಳೆಯುವ ಕುಸುಬಿ ಕಾಳನ್ನು ನೆನೆಸಿ, ರುಬ್ಬಿ, ಸೋಸಿ ತೆಗೆದ ಹಾಲಿನಲ್ಲಿ ಬೆಲ್ಲ ಹಾಕಿ ಹುಗ್ಗಿ ಮಾಡುತ್ತಾರೆ. ರುಚಿಗೆ ಸಾಟಿಯಿಲ್ಲ. ಆದರೆ ಅದು ಎಣ್ಣೆಕಾಳಿನ ಹಾಲು, ಜೊತೆಗೆ ಬೆಲ್ಲ. ದಿನವೂ ಲೋಟದಲ್ಲಿ ಕುಡಿಯುವ ಹಾಲಿನ ಬದಲಿಗೆ ಅದನ್ನು ಇಡಲಾಗದು. ಹಬ್ಬಕ್ಕೆ ಮಾಡಿ, ಮಕ್ಕಳಿಗೆ ಕಲಿಸಿ.

ಮನೆಯಲ್ಲೇ ಸೋಯಾ ಹಾಲು

ಬೆಳಗಾವಿ ಜಿಲ್ಲೆ ಸೋಯಾ ಬೆಳೆಯುವ ಜಿಲ್ಲೆ. ಬೈಲಹೊಂಗಲ, ಸವದತ್ತಿ, ಹುಕ್ಕೇರಿ ಕಡೆ ಮುಂಗಾರಿಗೆ ಬಿತ್ತಿ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಕೊಯ್ಯುತ್ತಾರೆ. ಧಾರವಾಡದ ಕೃಷಿ ವಿಶ್ವವಿದ್ಯಾಲಯ ತುಕ್ಕು ರೋಗ ತಡೆಯುವ ತಳಿಯನ್ನೂ ಕೊಟ್ಟಿದೆ. 2024-25ರಲ್ಲಿ ಸರ್ಕಾರದ ಬೆಂಬಲ ಬೆಲೆ ಕ್ವಿಂಟಲ್‌ಗೆ 4,892 ರೂಪಾಯಿ ಇತ್ತು, ಅಂದರೆ ಕಿಲೋಗೆ 50 ರೂಪಾಯಿಯೂ ಇರಲಿಲ್ಲ. ಬೆಳೆದದ್ದು ಹೆಚ್ಚಾಗಿ ಎಣ್ಣೆ ಗಿರಣಿಗೆ ಹೋಗುತ್ತದೆ. ಬೆಳೆದ ಮನೆಯ ಒಲೆಗೆ ಬರುವುದು ಬಹಳ ಕಡಿಮೆ. ಹೊಲದಲ್ಲಿ ಇಷ್ಟು ಪ್ರೋಟೀನ್ ಬೆಳೆದು, ಅದೇ ಕಾಳಿನ ಹಾಲನ್ನು ಪ್ಯಾಕಿನಲ್ಲಿ ಲೀಟರಿಗೆ ನೂರು ರೂಪಾಯಿ ಮೇಲೆ ಕೊಟ್ಟು ತರುವುದು ನನಗೆ ಸರಿ ಕಾಣುವುದಿಲ್ಲ.

ಮಾಡುವುದು ಕಷ್ಟವಿಲ್ಲ. 100 ಗ್ರಾಂ ಕಾಳನ್ನು ರಾತ್ರಿ ನೆನೆಸಿ. ಬೆಳಿಗ್ಗೆ ಕೈಯಲ್ಲಿ ಉಜ್ಜಿ ಸಿಪ್ಪೆ ತೆಗೆಯಿರಿ. ಕುದಿಯುವ ನೀರಿನ ಹತ್ತಿರದ ಬಿಸಿಯಲ್ಲೇ ರುಬ್ಬಿ. ತಣ್ಣೀರಲ್ಲಿ ರುಬ್ಬಿದರೆ ಹಸಿ ಕಾಳಿನ ವಾಸನೆ ಬರುತ್ತದೆ, ಕುಡಿಯುವವರು ಎರಡನೇ ಸಲ ಲೋಟ ಮುಟ್ಟುವುದಿಲ್ಲ. ಬಿಸಿಯಲ್ಲಿ ರುಬ್ಬಿದರೆ ಆ ವಾಸನೆ ಹುಟ್ಟಿಸುವ ಕಿಣ್ವ ಮೊದಲೇ ಸಾಯುತ್ತದೆ. ಒಟ್ಟು ಮುಕ್ಕಾಲು ಲೀಟರ್ ಆಗುವಷ್ಟು ನೀರು ಸೇರಿಸಿ ತೆಳ್ಳನೆ ಬಟ್ಟೆಯಲ್ಲಿ ಸೋಸಿ, ಹಿಂಡಿ. ಆಮೇಲೆ ಸಣ್ಣ ಉರಿಯಲ್ಲಿ ತಿರುವುತ್ತಾ 15-20 ನಿಮಿಷ ಕುದಿಸಿ. ಈ ಕುದಿತವನ್ನು ಎಂದೂ ಕಡಿಮೆ ಮಾಡಬೇಡಿ. ಹಸಿ ಸೋಯಾದಲ್ಲಿ ಪ್ರೋಟೀನ್ ಜೀರ್ಣವಾಗದಂತೆ ತಡೆಯುವ ಅಂಶ ಇರುತ್ತದೆ, ಅದು ಹೋಗುವುದು ಚೆನ್ನಾಗಿ ಕುದಿಸಿದಾಗಲೇ. ಉಕ್ಕಿ ಬಂದ ಕೂಡಲೇ ಆಯಿತು ಎಂದು ಇಳಿಸುವ ಎಮ್ಮೆ ಹಾಲಿನ ರೂಢಿ ಇಲ್ಲಿ ನಡೆಯುವುದಿಲ್ಲ. ಏಲಕ್ಕಿ ಅಥವಾ ಶುಂಠಿ ಹಾಕಿದರೆ ರುಚಿ ಬರುತ್ತದೆ. ಫ್ರಿಜ್ಜಿನಲ್ಲಿ ಎರಡು ದಿನ ಇರುತ್ತದೆ.

ನೆನಪಿಡಿ, ಮನೆಯ ಸೋಯಾ ಹಾಲು ಪ್ರೋಟೀನ್‌ಗೆ ಮಾತ್ರ. ಇದರಲ್ಲಿ ಕ್ಯಾಲ್ಸಿಯಂ ಸ್ವಲ್ಪವೇ, ಬಿ12 ಇಲ್ಲವೇ ಇಲ್ಲ. ಮನೆಯದು ಶುದ್ಧ, ಹಾಗಾಗಿ ಎಲ್ಲದರಲ್ಲೂ ಮೇಲು ಎಂದು ತಿಳಿಯುವುದು ತಪ್ಪು.

ಯಾರ ಮನೆಗೆ ಯಾವುದು

ಹಾಲು ಮಾತ್ರ ಒಗ್ಗುವುದಿಲ್ಲ, ಮೊಸರು ಮಜ್ಜಿಗೆ ನಡೆಯುತ್ತದೆ ಅನ್ನುವವರು ಬಹಳ. ಹೆಪ್ಪು ಹಾಕಿದಾಗ ಹಾಲಿನ ಸಕ್ಕರೆಯ ಒಂದು ಪಾಲು ಹುಳಿಯಾಗಿ ಬದಲಾಗುವುದರಿಂದ ಅವರಿಗೆ ಮೊಸರು ಹಿಡಿಸುತ್ತದೆ. ಇವರಿಗೆ ಸೋಯಾ ಹಾಲಿನ ಅಗತ್ಯವೇ ಇಲ್ಲ. ಮಜ್ಜಿಗೆ, ಮೆಂತೆ, ಗಟ್ಟಿ ಬ್ಯಾಳಿ ಸಾಕು.

ಸಕ್ಕರೆ ಕಾಯಿಲೆ ಇದ್ದವರಿಗೆ ಮೆಂತೆ ಪಲ್ಲೆ ಒಳ್ಳೆಯದು, ನಾರು ಇದೆ, ಕ್ಯಾಲೊರಿ ಕಡಿಮೆ. ಆದರೆ ಮೆಂತೆ ಸಕ್ಕರೆ ಇಳಿಸುತ್ತದೆ ಎಂದು ಕೇಳಿರುವುದೆಲ್ಲ ಹೆಚ್ಚಾಗಿ ಮೆಂತೆ ಕಾಳಿನ ಬಗ್ಗೆ. ಕಾಳಿನಲ್ಲಿರುವ ಅಂಟು ನಾರು ಎಲೆಯಲ್ಲಿ ಅಷ್ಟಿಲ್ಲ. ಪಲ್ಲೆ ತಿಂದೆ ಎಂದು ಮಾತ್ರೆ ಬಿಡಬೇಡಿ. ಸೋಯಾ ಹಾಲು ಕುಡಿಯುವುದಾದರೆ ಸಕ್ಕರೆ ಸೇರಿಸದ್ದು.

ಥೈರಾಯ್ಡ್ ಮಾತ್ರೆ ತೆಗೆದುಕೊಳ್ಳುವವರು ಸೋಯಾ ಹಾಲನ್ನು ಮಾತ್ರೆಯ ಹತ್ತಿರ ತರಬೇಡಿ, ಅದು ಮಾತ್ರೆ ಸೇರುವುದಕ್ಕೆ ಅಡ್ಡಿ ಮಾಡುತ್ತದೆ. ನಾಲ್ಕು ತಾಸು ಅಂತರ ಇರಲಿ. ರಕ್ತ ತೆಳುವಾಗಿಸಲು ವಾರ್ಫರಿನ್ ಮಾತ್ರೆ ನುಂಗುವವರು ಸೊಪ್ಪನ್ನು ಒಮ್ಮೆಲೇ ಜಾಸ್ತಿ ಮಾಡುವುದಾಗಲಿ, ಒಮ್ಮೆಲೇ ಬಿಡುವುದಾಗಲಿ ಬೇಡ. ಸೊಪ್ಪಿನ ವಿಟಮಿನ್ ಕೆ ಆ ಮಾತ್ರೆಯ ಕೆಲಸವನ್ನು ಏರುಪೇರು ಮಾಡುತ್ತದೆ. ಮೂತ್ರಪಿಂಡದ ಕಲ್ಲಿನವರು ಪಾಲಕ್, ರಾಜಗಿರಿ, ಬಾದಾಮಿಯ ಬಗ್ಗೆ ಎಚ್ಚರ ಇಡಬೇಕು. ಅವರಿಗೂ ಮೆಂತೆ ವಾಸಿ.

ಒಂದು ವರ್ಷದೊಳಗಿನ ಕೂಸಿಗೆ ಎದೆಹಾಲಿನ ಬದಲು ಯಾವುದೇ ಗಿಡದ ಹಾಲು ಕೊಡಬಾರದು, ಎಷ್ಟೇ ಒಳ್ಳೆಯದೆಂದರೂ. ಹಾಲಿನ ಅಲರ್ಜಿ ಇದ್ದ ಮಗುವಾದರೆ ಮಕ್ಕಳ ಡಾಕ್ಟರನ್ನು ಕೇಳಿಯೇ ಮುಂದಿನದು.

ಹಂಗಾಮೂ ಲೆಕ್ಕಕ್ಕೆ ಬರುತ್ತದೆ. ಚಳಿಗಾಲದಲ್ಲಿ ಮೆಂತೆ ಎಳೆಯದಾಗಿ, ಅಗ್ಗವಾಗಿ ಸಿಗುತ್ತದೆ. ಬೆಳಗಾವಿಯ ಜಡಿಮಳೆಯಲ್ಲಿ ಎಲೆ ಕೊಳೆಯುತ್ತದೆ, ಬೆಲೆ ಏರುತ್ತದೆ, ಕೆಸರು ಜಾಸ್ತಿ ಇರುತ್ತದೆ. ಆ ದಿನಗಳಲ್ಲಿ ಹಸಿ ತಿನ್ನುವುದು ಬಿಟ್ಟು ಬೇಯಿಸಿ ತಿನ್ನಿ. ಮೊದಲು ತೊಳೆದು ಆಮೇಲೆ ಹೆಚ್ಚಿ. ಕಹಿ ಹೋಗಲಿ ಎಂದು ಉಪ್ಪು ಹಾಕಿ ಹಿಂಡಿ ರಸ ಚೆಲ್ಲುವವರಿದ್ದಾರೆ. ಹಿಂಡಿದ ರಸದ ಜೊತೆ ವಿಟಮಿನ್‌ಗಳೂ ಹೋಗುತ್ತವೆ. ಕಹಿ ತಗ್ಗಿಸಲು ಶೇಂಗಾ ಪುಡಿ, ಗುರೆಳ್ಳು ಪುಡಿ ಜಾಸ್ತಿ ಹಾಕಿ. ಅವುಗಳ ಎಣ್ಣೆಯಂಶ ಬೀಟಾ ಕ್ಯಾರೋಟಿನ್ ಮೈಗೆ ಹತ್ತುವುದಕ್ಕೂ ಬೇಕು.

ಎರಡನ್ನೂ ಇಟ್ಟುಕೊಳ್ಳುವ ಮನೆಯಾದರೆ ಸೋಯಾ ಹಾಲು ಸೋಸಿದ ಮೇಲೆ ಬಟ್ಟೆಯಲ್ಲಿ ಉಳಿದ ಚರಟ ಚೆಲ್ಲಬೇಡಿ. ಕಾಳಿನ ನಾರೆಲ್ಲ ಅದರಲ್ಲೇ ಇರುತ್ತದೆ, ಸ್ವಲ್ಪ ಪ್ರೋಟೀನ್ ಕೂಡ. ಅದಕ್ಕೆ ಜೋಳದ ಹಿಟ್ಟು, ಕಡಲೆ ಹಿಟ್ಟು, ಹೆಚ್ಚಿದ ಮೆಂತೆ, ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ, ಎಳ್ಳು, ಉಪ್ಪು ಹಾಕಿ ಕಲಸಿ ಥಾಲಿಪಟ್ಟು ತಟ್ಟಿ. ಚರಟ ಇನ್ನೂ ಬೇಯದ್ದಾಗಿರುವುದರಿಂದ ದಪ್ಪ ತಟ್ಟಬೇಡಿ. ಮುಚ್ಚಳ ಮುಚ್ಚಿ, ಸಣ್ಣ ಉರಿಯಲ್ಲಿ, ಎರಡೂ ಬದಿ ಕೆಂಪಗೆ ಬೇಯಿಸಿ.